ಬಡ್ಡಿ ಇಲ್ಲದ ಹದಿನೈದು ತಿಂಗಳು

ಮೇಲಿನ ಮನೆಯ ನೀರಿನ ಪೈಪು ಒಡೆದದ್ದು ಒಂದು ಭಾನುವಾರ, ಅಂಗಡಿಗೆ ಬೀಗ ಬಿದ್ದಿದ್ದಾಗ. ಸೋಮವಾರ ಬೆಳಿಗ್ಗೆ ಕತ್ತರಿಯಕ್ಕ ಷಟರ್ ಎತ್ತಿದಳೋ ಇಲ್ಲವೋ, ನೀರು ಅವಳ ಪಾದದ ಮೇಲೆ ಹರಿದು ರಸ್ತೆಗಿಳಿಯಿತು. ಬೀದಿಯ ಅರ್ಧ ಜನ ತಲೆಗೂದಲನ್ನು ಅವಳ ಕೈಯಲ್ಲೇ ಕತ್ತರಿಸಿಕೊಳ್ಳುತ್ತಿದ್ದುದರಿಂದ ಅವಳಿಗೆ ಆ ಹೆಸರು. ಕುರ್ಚಿಗಳ ಸ್ಪಂಜು ಊದಿಕೊಂಡಿತ್ತು, ಕನ್ನಡಿಗಳು ಕಳಚಿದ್ದವು, ವೈರಿಂಗ್ ಸುಟ್ಟಿತ್ತು. ಮೇಲಿನ ಮನೆಯವರು ಕೈಯೆತ್ತಿಬಿಟ್ಟರು. ಅಂಗಡಿ ಮುಚ್ಚಿದರೆ ಗಿರಾಕಿಗಳು ಕೈತಪ್ಪುತ್ತಾರೆಂದು ಹೆದರಿ ಅವಳು ಎಲ್ಲವನ್ನೂ ಕ್ರೆಡಿಟ್ ಕಾರ್ಡಿನ ಮೇಲೆಯೇ ಸರಿ ಮಾಡಿಸಿದಳು.

ಒಂದೂವರೆ ವರ್ಷವಾದರೂ ಆ ಸಾಲ ಕರಗಲಿಲ್ಲ. ತಿಂಗಳು ತಿಂಗಳೂ ಕನಿಷ್ಠ ಮೊತ್ತ ಕಟ್ಟುತ್ತಿದ್ದಳು, ಅದರಲ್ಲಿ ಬಹುಪಾಲನ್ನು ಬಡ್ಡಿಯೇ ನುಂಗಿಹಾಕುತ್ತಿತ್ತು. ಅವಳ ಗಂಡ ಬಸ್ ಡ್ರೈವರ್. ಹೆಚ್ಚುವರಿ ಪಾಳಿ ಮಾಡಿ ಬಂದು ಮಂಚದ ಮೇಲೆ ಬೀಳುತ್ತಾ, "ಗಾಡಿ ಓಡ್ತಾ ಇದೆ, ಆದ್ರೆ ಊರೇ ಬರ್ತಿಲ್ವಲ್ಲೇ" ಎನ್ನುತ್ತಿದ್ದ.

ದಾರಿ ಕಂಡದ್ದು ಅತ್ತೆಯ ಕಣ್ಣಿಗೆ. ಅವರು ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದವರು. ಟೂತ್‌ಪೇಸ್ಟಿನ ಡಬ್ಬಿಯನ್ನೂ ಪೂರ್ತಿ ಓದದೆ ಬಿಸಾಡಿದವರಲ್ಲ. ಬೇರೊಂದು ಬ್ಯಾಂಕಿನಿಂದ ಬಂದ ಕರಪತ್ರವನ್ನು ಹಿಡಿದುಕೊಂಡು ಅವರು ಅಡುಗೆಮನೆಗೆ ಬಂದರು.

"ನೋಡಮ್ಮ, ನಿನ್ನ ಸಾಲಾನ ಇವರ ಕಾರ್ಡಿಗೆ ವರ್ಗಾಯಿಸಿಕೊಳ್ತಾರಂತೆ. ಹದಿನೈದು ತಿಂಗಳು ಬಡ್ಡಿ ಇಲ್ಲ."

"ಬಿಡಿ ಅತ್ತೆ. ಟೋಪಿ ಹಾಕೋರು ಬೇರೆ, ತಲೆ ಮಾತ್ರ ನಂದೇ."

"ತಲೆ ವಿಷಯ ನಿಂಗೆ ಗೊತ್ತು, ಅಕ್ಷರದ ವಿಷಯ ನಂಗೆ ಗೊತ್ತು. ಕೂತ್ಕೋ."

ಅತ್ತೆ ಭೂತಗನ್ನಡಿ ಹಿಡಿದು ಸಣ್ಣ ಅಕ್ಷರಗಳನ್ನೆಲ್ಲ ಜೋರಾಗಿ ಓದಿದರು. ವರ್ಗಾವಣೆಗೆ ನೂರಕ್ಕೆ ಮೂರರಂತೆ ಶುಲ್ಕ. ಒಂದು ತಿಂಗಳು ಕನಿಷ್ಠ ಮೊತ್ತ ಕಟ್ಟುವುದು ತಪ್ಪಿದರೂ ರಿಯಾಯಿತಿ ರದ್ದು. ಹೊಸದಾಗಿ ಏನು ಕೊಂಡರೂ ಅದಕ್ಕೆ ಮೊದಲ ದಿನದಿಂದಲೇ ಬಡ್ಡಿ. ಅವಧಿ ಮುಗಿದ ಮೇಲೆ ಉಳಿದದ್ದಕ್ಕೂ ಬಡ್ಡಿ. ಡ್ರೈವರ್ ಮೊಬೈಲಿನಲ್ಲಿ ಲೆಕ್ಕ ಹಾಕಿ, "ಆ ಶುಲ್ಕ ನಾವೀಗ ಕಟ್ಟೋ ಒಂದು ತಿಂಗಳ ಬಡ್ಡಿಗಿಂತ ಕಮ್ಮೀನೇ ಕಣಮ್ಮ" ಎಂದ. ಬಹಳ ದಿನಗಳ ಮೇಲೆ ಅವನ ಮುಖ ಅರಳಿತ್ತು.

ಬ್ಯಾಂಕಿನಲ್ಲಿ ಮಾತಾಡಿಸಿದ ಅಧಿಕಾರಿಗೆ ಇನ್ನೂ ಎಳೆ ವಯಸ್ಸು. ಎಲ್ಲ ಕೆಲಸ ಮುಗಿಸಿ ಆ ಹುಡುಗಿ ಮೆಲ್ಲಗೆ ಹೇಳಿದಳು: "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಈಗ ಹಳೇ ಕಾರ್ಡ್ ಖಾಲಿಯಾಯ್ತಲ್ಲ, ಜನ ಜಾರಿಬೀಳೋದು ಅಲ್ಲೇ. ಮತ್ತೆ ಉಜ್ಜೋಕೆ ಶುರು ಮಾಡ್ತಾರೆ, ಎರಡು ಸಾಲ ಆಗುತ್ತೆ."

ಮನೆಗೆ ಬಂದು ಸಾಲವನ್ನು ಹದಿನೈದರ ಬದಲು ಹದಿನಾಲ್ಕು ಕಂತುಗಳಾಗಿ ಹಂಚಿದರು. ಒಂದು ತಿಂಗಳು ಕೈಯಲ್ಲಿರಲಿ ಎಂದದ್ದು ಅತ್ತೆ.

ಐದನೆಯ ತಿಂಗಳು, ಚಳಿ ಜೋರಾಗಿದ್ದಾಗ, ಅಂಗಡಿಯ ವಾಟರ್ ಹೀಟರ್ ಕೆಟ್ಟಿತು. ರಿಪೇರಿಯವನು ಬಿಚ್ಚಿ ನೋಡಿ, ಇನ್ನು ಸರಿಹೋಗದೆಂದು ತಲೆಯಾಡಿಸಿದ. ತಣ್ಣೀರಿನಲ್ಲಿ ಯಾರ ತಲೆ ತೊಳೆಯುವುದು?

"ಹಳೇ ಕಾರ್ಡ್ ಇದ್ಯಲ್ಲ," ಎಂದ ಡ್ರೈವರ್, ಅವಳ ಮುಖ ನೋಡದೆ. "ಒಂದೇ ಒಂದ್ಸಲ."

"ಪೈಪು ಒಡೆದಾಗ್ಲೂ ನಾನು ಹಂಗೇ ಅಂದ್ಕೊಂಡಿದ್ದೆ ರೀ."

ಮರುದಿನ ಬಾಗಿಲಿಗೆ ಒಂದು ರಟ್ಟು ತೂಗುಹಾಕಿದಳು: ತಲೆ ತೊಳೆಯುವುದಿಲ್ಲ, ಕತ್ತರಿಸುವುದು ಮಾತ್ರ, ದರವೂ ಕಡಿಮೆ. ಹಳೆಯ ಗಿರಾಕಿಗಳು ಮುಖ ಸಿಂಡರಿಸಿದರು. ಒಬ್ಬಾಕೆಯಂತೂ ಎದ್ದು ಹೋದವಳು ಮತ್ತೆ ಬರಲೇ ಇಲ್ಲ. ಮೊದಲ ವಾರ ಕತ್ತರಿಯಕ್ಕ ದಿನಕ್ಕೆರಡು ಸಲ ಗಲ್ಲಾಪೆಟ್ಟಿಗೆ ಎಣಿಸಿ ನೋಡುತ್ತಿದ್ದಳು. ಆಮೇಲೆ ಎದುರಿನ ಆಸ್ಪತ್ರೆಯ ನರ್ಸೊಬ್ಬಳು ಊಟದ ಬಿಡುವಿನಲ್ಲಿ ಓಡಿ ಬಂದು, ಬೇಗ ಮುಗಿಯಿತೆಂದು ಖುಷಿಪಟ್ಟು ಹೋದಳು. ಮರುದಿನ ಅವಳ ಹಿಂದೆ ಮೂವರು ಬಂದರು. ಮಧ್ಯಾಹ್ನ ಬೆಂಚಿನಲ್ಲಿ ಜಾಗ ಸಿಗದಂತಾಯಿತು.

ತೊಳೆಯಲೇಬೇಕೆಂದು ಹಟ ಹಿಡಿದವರಿಗೆ ಡ್ರೈವರ್ ತನ್ನ ರಜೆಯ ದಿನಗಳಲ್ಲಿ ಸ್ಟವ್ ಮೇಲೆ ನೀರು ಕಾಯಿಸಿ ಹೊಯ್ಯುತ್ತಿದ್ದ. "ಬಸ್ಸಲ್ಲಿ ಮುಂದೆ ಹೋಗಿ ಅಂದ್ರೆ ಒಬ್ರೂ ಕದಲಲ್ಲ. ಇಲ್ಲಿ ತಲೆ ಬಗ್ಗಿಸಿ ಅಂದ್ರೆ ಎಲ್ಲರೂ ಬಗ್ಗಿಸ್ತಾರೆ!" ಎಂದು ಬೀಗುತ್ತಿದ್ದ. ಚಳಿ ಮುಗಿಯುವ ಹೊತ್ತಿಗೆ ನಗದು ಕೊಟ್ಟೇ ಹೊಸ ಹೀಟರ್ ತಂದರು. ನರ್ಸುಗಳಿಗಾಗಿ ಮಧ್ಯಾಹ್ನದ ಕತ್ತರಿ ಕೆಲಸ ಹಾಗೆಯೇ ಮುಂದುವರಿಯಿತು.

ಎಲ್ಲವೂ ಸಲೀಸಾಗಿ ನಡೆಯಲಿಲ್ಲ. ಬೇಸಿಗೆಯಲ್ಲಿ ಡ್ರೈವರ್ ಜ್ವರ ಹಿಡಿದು ಮಲಗಿದ, ಹೆಚ್ಚುವರಿ ಪಾಳಿಯ ಹಣ ಬರಲಿಲ್ಲ. ಆ ತಿಂಗಳು ಕನಿಷ್ಠ ಮೊತ್ತವನ್ನಷ್ಟೇ ಕಟ್ಟಿದರು. ಕೈಯಲ್ಲಿ ಇಟ್ಟುಕೊಂಡಿದ್ದ ಒಂದು ತಿಂಗಳು ಹಾಗೆ ಖರ್ಚಾಯಿತು.

ಕೊನೆಯ ಕಂತನ್ನು ಅವಳು ಅಂಗಡಿಯಲ್ಲೇ, ಇಬ್ಬರು ಗಿರಾಕಿಗಳ ನಡುವಿನ ಬಿಡುವಿನಲ್ಲಿ, ಮೊಬೈಲಿನಿಂದ ಕಟ್ಟಿದಳು. ಪರದೆಯ ಮೇಲೆ ಬಾಕಿ ಸೊನ್ನೆ ಎಂದು ಬಂತು. ಅವಳು ಖಾಲಿ ಕುರ್ಚಿಯಲ್ಲಿ ಕುಸಿದು ಕೂತಳು. ಬುತ್ತಿ ಕೊಡಲು ಬಂದ ಗಂಡ ಗಾಬರಿಯಾದ.

"ಯಾಕೇ, ಅಳ್ತಾ ಇದೀಯಾ?"

"ಕಣ್ಣಿಗೆ ಕೂದಲು ಬಿತ್ತು, ಸುಮ್ನಿರಿ."

ಅವನು ಮೊಬೈಲ್ ಇಣುಕಿ ನೋಡಿದ. ಅವಳ ಪಕ್ಕದ ಕುರ್ಚಿಯಲ್ಲಿ ಕೂತ. ಇಬ್ಬರೂ ಕನ್ನಡಿಯಲ್ಲಿ ಒಬ್ಬರನ್ನೊಬ್ಬರು ನೋಡಿಕೊಂಡು ನಕ್ಕರು.

ಕಂತಿನ ಹಣ ಮುಂದಿನ ತಿಂಗಳಿನಿಂದ ಉಳಿತಾಯ ಖಾತೆಗೆ ಹೋಗತೊಡಗಿತು. ಹಳೆಯ ಕಾರ್ಡನ್ನು ಮುಚ್ಚಿಸಲು ಅವಳು ಫೋನು ಮಾಡಿದಾಗ ಆ ಕಡೆಯ ಹುಡುಗ ಬಿಡಲೊಲ್ಲ.

"ಮೇಡಂ, ನಿಮ್ಮ ಲಿಮಿಟ್ ಇನ್ನೂ ಜಾಸ್ತಿ ಮಾಡಿ ಕೊಡ್ತೀವಿ!"

"ಬೇಡಪ್ಪ, ಮುಚ್ಚಿಬಿಡು. ಇಲ್ಲಿ ಗಿರಾಕಿ ಕಾಯ್ತಿದ್ದಾರೆ," ಎಂದು ಹೇಳಿ, ಅವನು ಹೂಂ ಅನ್ನುವವರೆಗೂ ಕಾದು ಫೋನಿಟ್ಟಳು. ಕುರ್ಚಿಯಲ್ಲಿ ಕೂತಿದ್ದ ನರ್ಸಿನ ಹೆಗಲಿಗೆ ಬಟ್ಟೆ ಹೊದಿಸುತ್ತಾ ಕೇಳಿದಳು: "ಎಷ್ಟು ಗಿಡ್ಡ ಮಾಡ್ಲಿ?"