ಪರಾಗ್ವೆ: ಒಂದು

ಊರಿಗೊಬ್ಬಳೇ ಪದ್ಮಾವತಿಯಂತೆ, ಅಮೆರಿಕದ ಜಾರ್ಜಿಯಾದ ನಮ್ಮ ಕೋಳಿ ಕಾರ್ಖಾನೆಯ ಜಿಲ್ಲೆಗೆ ಒಬ್ಬನೇ ಎಲಾದಿಯೊ. ನಡೆದದ್ದನ್ನೇ ಹೇಳುತ್ತೇನೆ, ಉಪ್ಪುಖಾರ ಹಚ್ಚುವುದಿಲ್ಲ.

ಸ್ಮಶಾನದ ಗೇಟಿನಲ್ಲಿ ಅವನ ಶವಪೆಟ್ಟಿಗೆ ವ್ಯಾನಿನಿಂದ ಅರ್ಧ ಹೊರಗೆ ಬಂದು ನಿಂತಿತ್ತು.

“ಹಿಡಿ ಆರು, ಜನ ಮೂರು. ಅದೂ ನನ್ನನ್ನ ಸೇರಿಸಿ,” ಎಂದ ಚಾಲಕ. “ಇನ್ನೊಬ್ರಾದ್ರೂ ಬೇಕಪ್ಪ. ಇಲ್ದಿದ್ರೆ ವಾಪಸ್ ಒಯ್ತೀನಿ.”

“ಬರ್ತಾರೆ, ತಡೀರಿ,” ಎಂದ ಓಲ್ವಿನ್.

“ಯಾರೋ ಬರೋದು?” ಎಂದಳು ಎಲಾದಿಯೊಗೆ ಕೋಣೆ ಬಾಡಿಗೆ ಕೊಟ್ಟಿದ್ದ ಚಾಯೊ. “ಪ್ರೊಬೇಷನ್ ಆಫೀಸರ್ ಪ್ರೂಯಿಟ್ ಬರ್ತಾನಂತೆ ಅಂದಿದ್ದೇ ತಡ, ಇಡೀ ಕಾರ್ಖಾನೆಗೆ ಒಟ್ಟಿಗೇ ಹೊಟ್ಟೆನೋವು!”

ಹೊಟ್ಟೆನೋವಿಗೆ ಓಲ್ವಿನ್‌ಗೂ ಕಾರಣವಿತ್ತು. ಹೊಂಡುರಾಸಿನವನು, ವಲಸೆಯ ಕಾಗದಪತ್ರ ಅಷ್ಟಕ್ಕಷ್ಟೆ. ಆದರೆ ಹನ್ನೊಂದು ವರ್ಷ ಪಕ್ಕದಲ್ಲಿ ನಿಂತು ಕೋಳಿ ಕತ್ತರಿಸಿದವನನ್ನು ವ್ಯಾನಿನಲ್ಲೇ ವಾಪಸ್ ಕಳಿಸುವುದು ಹೇಗೆ?

* * *

ಎಲಾದಿಯೊ ಮಾಡಿದ ತಪ್ಪು, ಲೈಸೆನ್ಸ್ ಇಲ್ಲದೆ ಮೂರು ಸಲ ಕಾರು ಓಡಿಸಿದ್ದು. ಜೈಲಿನ ಬದಲು ತಿಂಗಳಿಗೊಮ್ಮೆ ಪ್ರೂಯಿಟ್ ಎದುರು ಹಾಜರಿ.

ಅಂಥ ಪರದೇಶಿಗಳ ಪಟ್ಟಿಯನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತಿತ್ತು. ಹೆಸರಿಲ್ಲ; ಜಿಲ್ಲೆ, ಹುಟ್ಟಿದ ದೇಶ, ಸಂಖ್ಯೆ ಅಷ್ಟೆ. ಮೆಕ್ಸಿಕೊ ಇನ್ನೂರ ಹನ್ನೆರಡು. ಹೊಂಡುರಾಸ್ ಅರವತ್ತನಾಲ್ಕು. ಪರಾಗ್ವೆ ಒಂದು. ಅರವತ್ತನಾಲ್ಕರಲ್ಲಿ ಯಾರಾದರೂ ತಲೆ ಮರೆಸಿಕೊಳ್ಳಬಹುದು; ಒಂದರೊಳಗೆ ಎಲ್ಲಿ ಅಡಗುವುದು?

ಅಲ್ಲಿಯವರೆಗೆ ಊಟದ ಬಿಡುವಿನಲ್ಲಿ ಎಲಾದಿಯೊ ತನ್ನ ದೇಶದ ರೀತಿಯಲ್ಲಿ ತಣ್ಣೀರೆರೆದು ಮಾಡಿದ ಸೊಪ್ಪಿನ ಕಷಾಯ ಕೊಂಬಿನ ಲೋಟದಲ್ಲಿ ಕೈಯಿಂದ ಕೈಗೆ ಸುತ್ತುತ್ತಿತ್ತು, ಎಲ್ಲರಿಗೂ ಒಂದೇ ಕೊಳವೆ. ಪಟ್ಟಿ ಬಂದ ಮೇಲೆ, ಅವನ ಜೊತೆ ಕಂಡರೆ ತಮ್ಮ ಮೇಲೂ ಕಣ್ಣು ಬಿದ್ದೀತೆಂದು ಎಲ್ಲರೂ ಹೆದರಿದರು; ಲೋಟ ಸುತ್ತಲಿಲ್ಲ. ತಾನೇ ತುಂಬಿಸಿ, ತಾನೇ ಕುಡಿದು, ಮತ್ತೆ ತಾನೇ ತುಂಬಿಸಿಕೊಳ್ಳುತ್ತಿದ್ದ. ಓಲ್ವಿನ್ ಕೂಡ ದೂರದ ಬೆಂಚಿಗೆ ಸರಿದಿದ್ದ.

ಒಂದು ಭಾನುವಾರ ಓಲ್ವಿನ್ ತಡೆಯಲಾರದೆ, ಮೂಗು ಹಿಡಿದು ಅವನಿಗೆ ಫೋನ್ ಮಾಡಿದ.

“ಮಿಸ್ಟರ್ ಎಲಾದಿಯೊ, ಪ್ರೂಯಿಟ್ ಮಾತಾಡ್ತಿರೋದು. ಪರಾಗ್ವೆಯವರು ಒಂದು ಅಂತಿದೆ. ಸರಿಯಾ? ಒಂದ್ಸಲ ಎಣಿಸಿ ನೋಡಿ.”

ಅತ್ತ ಕುರ್ಚಿ ಸರಿಯಿತು. ಬಾಗಿಲು ಕಿರುಗುಟ್ಟಿತು. ಹೆಜ್ಜೆಗಳು ಹೋಗಿ ಬಂದವು.

“ಎಣಿಸ್ದೆ ಸಾರ್. ಅಡುಗೆಮನೇಲೂ ನೋಡ್ದೆ. ನಾನೊಬ್ನೇ.”

ಓಲ್ವಿನ್‌ಗೆ ನಗು ತಡೆಯಲಾಗಲಿಲ್ಲ. ಗುಟ್ಟು ರಟ್ಟಾದಾಗ ಎಲಾದಿಯೊ ಕೆಮ್ಮು ಬರುವಷ್ಟು ನಕ್ಕ. ಆಮೇಲೆ ಮಾತಾಡುತ್ತಲೇ ಇದ್ದ, ಫೋನ್ ಇಡಲೇ ಇಲ್ಲ.

* * *

ಪ್ರೂಯಿಟ್ ಬಂದ. ಹ್ಯಾಟು ತೆಗೆದು ಕಾರಿನಲ್ಲಿಟ್ಟ.

“ಯಾವ ಕಡೆ ಹಿಡೀಲಿ?”

ನಾಲ್ವರೂ ಎತ್ತಿದರು. ಒದ್ದೆ ಹುಲ್ಲಿನ ಮೇಲೆ ಹತ್ತು ಹೆಜ್ಜೆ ನಡೆದರು.

“ಸೋಮವಾರದ ಪಟ್ಟಿ ಮೊದ್ಲೇ ತಯಾರಾಗಿದೆ, ಅದ್ರಲ್ಲೂ ಪರಾಗ್ವೆ ಒಂದು ಅಂತಲೇ ಇರತ್ತೆ,” ಎಂದ ಪ್ರೂಯಿಟ್. “ಮುಂದಿನ ಸಲ ಆ ಸಾಲೇ ಇರಲ್ಲ.” ಪಕ್ಕಕ್ಕೆ ತಿರುಗಿ, “ಓಲ್ವಿನ್ ನೀನೇ ಅಲ್ವಾ? ನನ್ನ ಧ್ವನೀಲಿ ಫೋನ್ ಮಾಡಿದವನು?”

ಓಲ್ವಿನ್ ಕೈಯಿಂದ ಹಿಡಿ ಜಾರಿತು, ಮತ್ತೆ ಹಿಡಿದ. ಚಾಯೊ, “ಅಯ್ಯೋ ದೇವರೇ!” ಎಂದಳು.

“ಎಲಾದಿಯೊ ಹಾಜರಿಗೆ ಬಂದಾಗೆಲ್ಲ ಅದೊಂದೇ ಕತೆ ಹೇಳ್ತಿದ್ದ. ಆ ವರ್ಷ ಬಂದ ಫೋನು ಅದೊಂದೇ ಅಂತೆ. ನಿನ್ನ ಹೆಸರೂ ಹೇಳ್ದ. ನಾನು ಬರ್ಕೊಳ್ಳಲಿಲ್ಲ.” ಪ್ರೂಯಿಟ್ ಭುಜ ಬದಲಿಸಿದ. “ಎಲ್ಲಿ, ಒಂದ್ಸಲ ಮಾಡಿ ತೋರ್ಸು.”

ಮೂಗು ಹಿಡಿಯಲು ಕೈ ಬಿಡುವಿರಲಿಲ್ಲ. ಓಲ್ವಿನ್ ಹಾಗೆಯೇ ಮೂಗಿನಲ್ಲಿ ಮಾತಾಡಿದ.

“ಮಿಸ್ಟರ್ ಎಲಾದಿಯೊ, ಇನ್ನೊಂದ್ಸಲ ಎಣಿಸಿ ನೋಡಿ.”

ನಾಲ್ಕು ಹೆಜ್ಜೆ ಸಾಗಿದವು. ಆಮೇಲೆ ಓಲ್ವಿನ್ ಎಲಾದಿಯೊನ ಮೆತ್ತನೆಯ ದನಿಯಲ್ಲಿ ತಾನೇ ಉತ್ತರಿಸಿದ:

“ಎಣಿಸ್ದೆ ಸಾರ್. ಈ ಸಲ ನಾಲ್ಕು ಜನ ಇದ್ದಾರೆ.”

ಎಲ್ಲರಿಗಿಂತ ಜೋರಾಗಿ ನಕ್ಕವನು ಪ್ರೂಯಿಟ್. ಆ ನಗುವಿಗೆ ಪೆಟ್ಟಿಗೆ ಅಲುಗಿ, ಯಾರೂ ಹಿಡಿಯದ ಎರಡು ಹಿಡಿಗಳು ಗುಂಡಿಯವರೆಗೂ ಟಿಣ್ ಟಿಣ್ ಎನ್ನುತ್ತಲೇ ಹೋದವು.