ಬಲಗಾಲು

ಈಸ್ಟರ್ ಸಿದ್ಧತೆಯ ಸಭೆಯಲ್ಲಿ ಮೊದಲ ಮುಕ್ಕಾಲು ಗಂಟೆ ಮೊಟ್ಟೆಗೇ ಹೋಯಿತು. ಆರುನೂರು ಸಾಕೋ ಏಳುನೂರು ಬೇಕೋ, ಬಣ್ಣ ಹಚ್ಚುವುದೋ ಚಿತ್ರ ಅಚ್ಚಾದ ಪ್ಲಾಸ್ಟಿಕ್ ಸುತ್ತುವುದೋ. ಬಣ್ಣವೆಂದರೆ ಮಕ್ಕಳು ಬಟ್ಟೆ ಕೆಡಿಸಿಕೊಳ್ಳುತ್ತಾರೆ, ಪ್ಲಾಸ್ಟಿಕ್ ಎಂದರೆ ಮುದುಕಿಯರ ಉಗುರಿಗೆ ಅದು ಬಿಚ್ಚುವುದಿಲ್ಲ. ಎರಡೂ ಮಾತನ್ನು ನಾನು ಬರೆದುಕೊಂಡೆ. ಸಭೆಯ ನಡಾವಳಿ ಬರೆಯುವುದು ನನ್ನ ಕೆಲಸ. ರಾಜಧಾನಿ ಸಿಯೋಲ್‌ನಲ್ಲಿ ಎಂ.ಎ. ಮಾಡಿ, ಅಲ್ಲಿ ಏನೂ ಆಗಲಾರದೆ, ಯೊಜಾ ಕೊಲ್ಲಿಯ ಈ ಕೆಸರಿನ ಊರಿಗೆ ಮರಳಿದವಳಿಗೆ ಊರವರು ಹುಡುಕಿಕೊಟ್ಟ ಮರ್ಯಾದೆ ಅದು.

"ಓದಿದೋಳು, ಬೇಗ ಬರೀತಾಳೆ" ಎಂದಿದ್ದರು ಸಮಿತಿಯ ಅಧ್ಯಕ್ಷ ತದ್ದೇಯುಸ್. ದೋಣಿ ಇಂಜಿನ್ನಿನ ಬಿಡಿಭಾಗಗಳ ಅಂಗಡಿ ಅವರದು. ಚರ್ಚಿನಲ್ಲಿ ನಾವೆಲ್ಲ ಒಬ್ಬರನ್ನೊಬ್ಬರು ದೀಕ್ಷಾಸ್ನಾನದ ಹೆಸರಿನಿಂದಲೇ ಕರೆಯುವುದು. ಅವರು ತದ್ದೇಯುಸ್, ಅವರ ಹೆಂಡತಿ ಆಗಾಥಾ, ನಾನು ಸ್ಕೊಲಾಸ್ತಿಕಾ. ಸೋರಾ ಎಂಬ ನನ್ನ ನಿಜವಾದ ಹೆಸರು ಕರೆಯಲು ಉಳಿದಿರುವುದು ಅಮ್ಮ ಒಬ್ಬಳೇ.

ಅಮ್ಮ ಆಗ ಬಾರ್ಲಿ ಚಹಾದ ತಟ್ಟೆ ಹಿಡಿದು ಒಳಗೆ ಬಂದಳು. ಚರ್ಚಿನ ಅಡುಗೆಮನೆ ಅವಳದೇ ಎಂಬಂತೆ ಮೂವತ್ತೊಂದು ವರ್ಷ ಕಳೆದಿದೆ.

"ಬಿಬಿಯಾನಾ ಅಕ್ಕ, ಮೊಟ್ಟೆ ಬೇಯ್ಸೋದು ನಿಮ್ಮದೇ ತಾನೆ ಈ ಸಲಾನೂ?" ಆಗಾಥಾ ಕೇಳಿದರು.

"ಇನ್ಯಾರು? ನೀವು ಬೇಯ್ಸಿದ್ರೆ ಒಳಗಿಂದ ಕೋಳಿಮರಿ ಎದ್ದು ಬರುತ್ತೆ" ಎಂದಳು ಅಮ್ಮ. ಎಲ್ಲರೂ ನಕ್ಕರು. ಖಾಲಿ ತಟ್ಟೆ ಎದೆಗವಚಿಕೊಂಡು ಅವಳು ಒಂದು ಗಳಿಗೆ ಬಾಗಿಲಲ್ಲೇ ನಿಂತಳು. ಮುಂದಿನ ವಿಷಯ ಏನೆಂದು ಅವಳಿಗೆ ಗೊತ್ತಿತ್ತು. ನಮಗೂ ಗೊತ್ತಿತ್ತು. ಅವಳ ಹೆಜ್ಜೆಯ ಸಪ್ಪಳ ಮೆಟ್ಟಿಲಿಳಿದು ಮುಗಿಯುವ ತನಕ ಯಾರೂ ಮಾತಾಡಲಿಲ್ಲ.

ಈಸ್ಟರಿನ ಹಿಂದಿನ ಪವಿತ್ರ ಗುರುವಾರದ ಸಂಜೆ, ಯೇಸು ತನ್ನ ಶಿಷ್ಯರ ಕಾಲು ತೊಳೆದ ನೆನಪಿಗೆ, ಗುರುಗಳು ಮಂಡಿಯೂರಿ ಹನ್ನೆರಡು ಜನರ ಪಾದ ತೊಳೆಯುತ್ತಾರೆ. ಆ ನೀರು ಕಾಯಿಸುವುದು ಅಮ್ಮ. ಮೊಣಕೈ ಅದ್ದಿ ಹದ ನೋಡಿ, ಹಿತ್ತಾಳೆಯ ಗಿಂಡಿಗೆ ತುಂಬಿ, ಪೀಠದ ಪಕ್ಕದ ಬಾಗಿಲಲ್ಲಿ ನಿಂತು ಒಳಗೆ ಕೊಡುವುದು. ಮೂವತ್ತೊಂದು ವರ್ಷ ಆ ಹನ್ನೆರಡೂ ಕಾಲು ಗಂಡಸರವೇ. ಆ ವರ್ಷ ಜನವರಿಯಲ್ಲಿ, ಇನ್ನು ಹೆಂಗಸರೂ ಕೂರಬಹುದು ಎಂದು ರೋಮಿನಿಂದಲೇ ಪತ್ರ ಬಂತು.

"ಇಷ್ಟು ವರ್ಷ ಹೆಂಡತಿ ಕಾಲು ಮನೇಲಿ ಹಿಡೀತಿದ್ವಿ, ಇನ್ನು ಚರ್ಚಲ್ಲೂ ಹಿಡೀಬೇಕು" ಎಂದರು ತದ್ದೇಯುಸ್.

"ನೀವು ಹಿಡಿದಿದ್ದು ಯಾವಾಗ್ರೀ? ನಂಗೆ ಗೊತ್ತೇ ಆಗ್ಲಿಲ್ವಲ್ಲ" ಎಂದರು ಆಗಾಥಾ.

ಫಾದರ್ ನಾಮ್ ನಕ್ಕರು. ನನಗಿಂತ ಎರಡು ವರ್ಷ ಚಿಕ್ಕವರು. ಗುರುಗಳಾಗಿ ಊರಿಗೆ ಬಂದು ಆರು ತಿಂಗಳಾಗಿತ್ತು. "ಬಿಬಿಯಾನಾ ಅಮ್ಮನಿಂದಲೇ ಶುರು ಮಾಡೋಣ. ಇಷ್ಟು ವರ್ಷ ನೀರು ಕಾಯ್ಸಿದಾರೆ. ಅಲ್ವಾ?"

ಯಾರೂ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಇಂಥ ಮೌನಗಳ ಬಗ್ಗೆ ನನಗೆ ಮೊದಲಿನಿಂದಲೂ ಒಂದು ಸೆಳೆತ. ಅವು ಖಾಲಿ ಎಂದು ಜನ ತಿಳಿಯುತ್ತಾರೆ. ಆದರೆ ಅವುಗಳೊಳಗೇ ಎಲ್ಲ ತೀರ್ಮಾನ ಆಗಿಹೋಗಿರುತ್ತದೆ. ಆಮೇಲೆ ಯಾರೋ ಒಬ್ಬರು ಅದನ್ನು ಬಾಯಿಬಿಟ್ಟು ಹೇಳುತ್ತಾರೆ, ಅಷ್ಟೆ.

ಹೇಳಿದ್ದು ಆಗಾಥಾ. "ಫಾದರ್, ನೀವು ಅವರ ಬಲಗಾಲು ನೋಡಿದ್ದೀರಾ? ಸ್ಕೊಲಾಸ್ತಿಕಾ, ನೀನು ತಪ್ಪು ತಿಳ್ಕೋಬೇಡಮ್ಮ. ಚರ್ಚಿಗೆ ಅರವತ್ತು ತುಂಬಿದೆ ಅಂತ ಈ ಸಲ ಪತ್ರಿಕೆಯೋರು ಫೋಟೋಕ್ಕೆ ಬರ್ತಾರೆ. ಮುಂದೆ ಅಷ್ಟು ದೊಡ್ಡ ವಿಡಿಯೋ ಪರದೆ ಬೇರೆ ಹಾಕಿಸ್ತಿದೀವಿ. ಕಾಲು ಒಂದೊಂದೂ ಬಾಗಿಲಷ್ಟು ದೊಡ್ಡದಾಗಿ ಕಾಣುತ್ತೆ. ಪಾಪ, ಅವರಿಗೇ ಮುಜುಗರ. ನಾನು ಅವರ ಸಲುವಾಗೇ ಹೇಳ್ತಿರೋದು."

ನಮ್ಮಲ್ಲಿ ತೊಳೆಯುವುದು ಬಲಗಾಲು ಮಾತ್ರ. ಮೊದಲು ಬಂದ ವಿದೇಶಿ ಗುರು ಹಾಗೆ ಮಾಡಿದರಂತೆ. ಯಾಕೆಂದು ಆಗ ಯಾರೂ ಕೇಳಲಿಲ್ಲ, ಈಗ ಕೇಳಲು ಅವರಿಲ್ಲ.

ಅಮ್ಮ ನಲವತ್ತು ವರ್ಷ ಕೊಲ್ಲಿಯ ಕೆಸರಲ್ಲಿ ಕಪ್ಪೆಚಿಪ್ಪು ಆಯ್ದವಳು. ಸೊಂಟದ ತನಕ ಹೂಳುವ ಕೆಸರು ಅದು, ನಡೆಯಲಾಗದು. ಉದ್ದನೆಯ ಹಲಗೆಯ ಮೇಲೆ ಎಡಮಂಡಿ ಊರಿ, ಬಲಗಾಲಿನಿಂದ ಕೆಸರನ್ನು ಹಿಂದಕ್ಕೆ ಒದ್ದು ಒದ್ದು ಜಾರಬೇಕು. ಊರಿನ ಈ ಹೆಂಗಸರಿಗೆಲ್ಲ ಎರಡು ಕಾಲು ಎರಡು ಜನ್ಮದವು. ಅಮ್ಮನ ಎಡಪಾದ ಇವತ್ತಿಗೂ ಶಾಲೆಯ ಹುಡುಗಿಯ ಪಾದದ ಹಾಗೆ ಬೆಳ್ಳಗೆ, ಮೆತ್ತಗೆ ಇದೆ. ಬಲಪಾದದ ಹೆಬ್ಬೆರಳಿಗೆ ಉಗುರಿಲ್ಲ. ಬೆರಳುಗಳು ಶುಂಠಿಯ ಗೆಡ್ಡೆಯಂತೆ ಅಡ್ಡಾದಿಡ್ಡಿಯಾಗಿ ಹೋಗಿವೆ. ಹಿಮ್ಮಡಿಯ ಬಿರುಕುಗಳಲ್ಲಿ ಕೂತ ಕಪ್ಪು ಯಾವ ಕಲ್ಲಿಗೂ ಹೋಗದು. ಒಮ್ಮೆ ಚಿಪ್ಪು ಸೀಳಿದ್ದರ ಗಾಯ ಅಂಗಾಲಿನಿಂದ ಹೊರಟು ಮೇಲಿನ ತನಕ ಬಂದಿದೆ.

"ನೀನೇ ಹೇಳಮ್ಮ. ನೀನು ಮಗಳು" ಎಂದರು ತದ್ದೇಯುಸ್. "ನೀನು ಹೆಂಗಂತೀಯೋ ಹಂಗೆ."

ಎಲ್ಲರೂ ನನ್ನತ್ತ ನೋಡಿದರು. ಫಾದರ್ ಕೂಡ. ಅವರ ಮುಖದಲ್ಲಿ ಒಂದು ಬಗೆಯ ಆಸೆ ಇತ್ತು. ಅಮ್ಮ ಕೂರಲಿ ಎಂದು ನಾನು ಅಂದಿದ್ದರೆ ಅವರು ನನ್ನ ಪರ ನಿಲ್ಲುತ್ತಿದ್ದರು. ಅದು ನನಗೆ ಆಗಲೂ ಗೊತ್ತಿತ್ತು. ಆದರೆ ನನ್ನ ಕಣ್ಣಿಗೆ ಕಂಡದ್ದು ಆ ಪರದೆ, ಅದರ ಮೇಲೆ ಬಾಗಿಲಷ್ಟು ದೊಡ್ಡ ಆ ಕಾಲು.

"ಅಮ್ಮಂಗೆ ಮುಂದೆ ಬಂದು ಕೂರೋದೆಲ್ಲ ಇಷ್ಟ ಆಗಲ್ಲ" ಎಂದೆ.

"ನೋಡಿ, ಮಗಳೇ ಹೇಳಿದ್ಲು" ಎಂದರು ಆಗಾಥಾ. ನಾನು ಅದನ್ನೂ ಬರೆದುಕೊಂಡೆ.

ಮನೆಗೆ ಬಂದಾಗ ಅಮ್ಮ ಕಾಲನ್ನು ಬೋಗುಣಿಯಲ್ಲಿ ಇಳಿಬಿಟ್ಟು ಕೂತಿದ್ದಳು. ಈಸ್ಟರಿಗೆ ಮುಂಚಿನ ಉಪವಾಸ ಶುರುವಾದ ಬೂದಿ ಬುಧವಾರದಿಂದ ದಿನವೂ ಇದೇ. ಅಕ್ಕಿ ತೊಳೆದ ನೀರು ಬೆಚ್ಚಗೆ ಮಾಡಿ, ಉಪ್ಪು ಹಾಕಿ, ಅರ್ಧ ಗಂಟೆ ಬಲಗಾಲು ನೆನೆಸುವುದು. ಆಮೇಲೆ ಒರಟುಕಲ್ಲಿನಿಂದ ಉಜ್ಜುವುದು. ಮಂಚದ ಮೇಲೆ ಹೊಸ ಬಿಳಿ ಸಾಕ್ಸ್, ಅಂಗಡಿಯ ಚೀಟಿ ಕೂಡ ಕೀಳದೆ ಇಟ್ಟಿದ್ದಳು.

"ಹೆಸರು ಬರ್ದ್ರಾ?" ನೀರಿನಿಂದ ಕಣ್ಣೆತ್ತದೆ ಕೇಳಿದಳು.

"ಇನ್ನೂ ಇಲ್ಲಮ್ಮ. ಇವತ್ತೆಲ್ಲ ಮೊಟ್ಟೆದೇ ಆಯ್ತು."

"ಮೊಟ್ಟೆ! ಏಳ್ನೂರು ಮೊಟ್ಟೆಗೆ ಒಂದು ಸಂಜೆ ಬೇಕಾ ಇವರಿಗೆ?" ಕಾಲನ್ನು ಮೇಲೆತ್ತಿ ದೀಪಕ್ಕೆ ಹಿಡಿದು ಅತ್ತಿತ್ತ ತಿರುಗಿಸಿದಳು. "ಸ್ವಲ್ಪ ಬೆಳ್ಳಗಾಗಿದೆ ಅಲ್ವಾ?"

"ಹೂಂ."

"ಸುಳ್ಳಿ. ನೋಡಿದ್ರೆ ಮೀನು ಮಾರೋಳೇ ಓಡಿಹೋಗ್ಬೇಕು." ತನಗೆ ತಾನೇ ನಕ್ಕಳು. ಆಮೇಲೆ ದನಿ ತಗ್ಗಿಸಿದಳು. ಮನೆಯಲ್ಲಿ ನಾವಿಬ್ಬರೇ ಇದ್ದರೂ. "ಸೋರಾ, ಒಂದು ಮಾತು ಫಾದರ್ ಹತ್ರ ಕೇಳ್ತೀಯಾ? ನಂಗೆ ಕೇಳಕ್ಕೆ ನಾಚಿಕೆ. ಎಡಗಾಲು ಇಟ್ರೆ ನಡೆಯುತ್ತಾ ಅಂತ. ಎಡದ್ದು ಚೆನ್ನಾಗಿದೆ ನೋಡು. ಅವರಿಗೂ ಮುಟ್ಟಕ್ಕೆ ಹೇಸಿಗೆ ಆಗಲ್ಲ."

"ಕೇಳ್ತೀನಮ್ಮ."

ಒಂದೇ ಪ್ರಶ್ನೆ. ಆ ವಾರ ಫಾದರ್ ನಾಮ್ ನನಗೆ ಎರಡು ಸಲ ಸಿಕ್ಕರು. ಒಮ್ಮೆ ಹಾಡಿನ ಹಾಳೆ ಕೊಡಲು ಹೋದಾಗ, ಒಮ್ಮೆ ಲಿಲಿ ಹೂವಿನ ಕುಂಡಗಳನ್ನು ಇಳಿಸುವಾಗ. ಎರಡನೆಯ ಸಲ ಅವರೇ ತಡೆದು, "ನಿಜವಾಗಿ ಅಮ್ಮಂಗೆ ಇಷ್ಟ ಇಲ್ವಾ?" ಎಂದರು. ನಾನು ಹೂವಿನ ಕುಂಡ ಎತ್ತಿಕೊಂಡು, "ಭಾರ ಇದೆ ಫಾದರ್, ಇಟ್ಟು ಬರ್ತೀನಿ" ಎಂದು ನಡೆದೆ. ಮರಳಿ ಹೋಗಲಿಲ್ಲ. ಅಷ್ಟು ಹೊತ್ತಿಗೆ ಪಟ್ಟಿಯನ್ನು ನಾನೇ ಟೈಪ್ ಮಾಡಿ ಆಗಿತ್ತು. ಹನ್ನೆರಡನೆಯ ಹೆಸರು ಆಗಾಥಾ ಅವರದು.

ಈಸ್ಟರಿಗೆ ಒಂದು ವಾರ ಮೊದಲು, ಗರಿಗಳ ಭಾನುವಾರ, ಪಟ್ಟಿ ಬಾಗಿಲ ಬಳಿಯ ಫಲಕಕ್ಕೆ ಏರಿತು. ಅಮ್ಮ ಓದುವುದು ನಿಧಾನ. ಪೂಜೆಯಲ್ಲಿ ಹಂಚಿದ ಹಸಿರು ಗರಿಯ ತುದಿಯಿಂದ ಒಂದೊಂದೇ ಹೆಸರು ಮುಟ್ಟುತ್ತ ಕೆಳಗಿಳಿದಳು. ಕೊನೆ ಮುಟ್ಟಿ, ಮತ್ತೆ ಮೇಲಿನಿಂದ ಶುರು ಮಾಡಿದಳು. ಹಿಂದೆ ನಿಂತವರು ಕಾದರು.

"ಹನ್ನೆರಡು ಇದೆ. ಸರಿಯಾಗಿದೆ" ಎಂದು ಪಕ್ಕಕ್ಕೆ ಸರಿದಳು.

ಮನೆಯ ದಾರಿಯಲ್ಲಿ ಸೇತುವೆಗೆ ಬಂದೆವು. ಕೆಳಗೆ ನೀರು ಇಳಿದು ಕೆಸರು ಮಿನುಗುತ್ತಿತ್ತು.

"ಕೇಳಿದ್ಯಾ ಫಾದರ್‌ನ?"

"ಕೇಳಿದೆ. ಬಲಗಾಲೇ ಆಗ್ಬೇಕಂತೆ."

ಇಷ್ಟು ಸಲೀಸಾಗಿ ಸುಳ್ಳು ಬರುತ್ತದೆಂದು ನನಗೇ ತಿಳಿದಿರಲಿಲ್ಲ. ಅಮ್ಮ ತಲೆಯಾಡಿಸಿದಳು. "ಇರ್ಬೋದು. ದೇವರ ಕೆಲಸ, ಏನೋ ಕಾರಣ ಇರುತ್ತೆ. ಪಾಪ, ಆ ಹುಡುಗನ್ನ ಕಷ್ಟಕ್ಕೆ ಸಿಕ್ಕಿಸ್ದೆ ನಾನು." ಫಾದರ್ ಬಗ್ಗೆ ಅವಳಿಗೆ ಮರುಕ ಬಂದಿತ್ತು. ಆ ಸಂಜೆ ಬೋಗುಣಿಯನ್ನು ಬೂದಿ ಹಾಕಿ ತಿಕ್ಕಿ, ಉಪ್ಪುನೀರು ತುಂಬಿ, ಕೆಸರು ಕಾರಲು ಕಪ್ಪೆಚಿಪ್ಪುಗಳನ್ನು ಅದರಲ್ಲಿ ಬಿಟ್ಟಳು.

ಗುರುವಾರ ಸಂಜೆ ಚರ್ಚು ತುಂಬಿತ್ತು. ಪರದೆ ನಿಜಕ್ಕೂ ದೊಡ್ಡದು. ಹನ್ನೆರಡು ಜನ ಪೀಠದ ಮುಂದೆ ಸಾಲಾಗಿ ಕೂತು ಬಲಗಾಲಿನ ಬೂಟು, ಸಾಕ್ಸ್ ಬಿಚ್ಚತೊಡಗಿದರು. ಮನೆಯಲ್ಲೇ ಎರಡೆರಡು ಸಲ ಸೋಪು ಹಾಕಿ ತೊಳೆದು ಬಂದ ಕಾಲುಗಳು, ತೊಳೆಯಲು ಏನೂ ಉಳಿಯದಂಥವು. ಆಗಾಥಾ ಉಗುರಿಗೆ ತಿಳಿಗುಲಾಬಿ ಬಣ್ಣ ಹಚ್ಚಿಸಿಕೊಂಡಿದ್ದರು. ಅಮ್ಮ ಪಕ್ಕದ ಬಾಗಿಲಲ್ಲಿ ಗಿಂಡಿ ಹಿಡಿದು ನಿಂತಿದ್ದಳು. ಎರಡನೆಯ ಸಾಲಿನಲ್ಲಿ ಕೂತ ನನಗೆ ಅವಳ ಅರ್ಧ ಮುಖ ಕಾಣುತ್ತಿತ್ತು.

ಫಾದರ್ ನಾಮ್ ಮಂಡಿಯೂರಿ ಒಬ್ಬೊಬ್ಬರ ಮುಂದೆ ಸರಿಯುತ್ತ ಬಂದರು. ಏಳನೆಯವರು ಮಥಿಯಾಸ್ ತಾತ, ಹಳೆಯ ದೋಣಿ ಬಡಗಿ. ಅವರ ಬೂಟು ಇನ್ನೂ ಕಾಲಲ್ಲೇ ಇತ್ತು. ಅವರು ಬಗ್ಗಿ ಪಿಸುಗುಟ್ಟಿದರು. ಆದರೆ ಫಾದರ್ ಎದೆಯ ಮೇಲೆ ಮೈಕು ಸಿಕ್ಕಿಸಿದ್ದರು. ಪಿಸುಮಾತು ಚರ್ಚಿನ ಗೋಡೆಗಳಿಂದೆಲ್ಲ ಬಂತು.

"ಫಾದರ್, ಬಲಗಾಲು ವಾತ ಬಂದು ಊದಿಬಿಟ್ಟಿದೆ. ಬೂಟು ಬಿಚ್ಚಕ್ಕೇ ಆಗ್ತಿಲ್ಲ. ಎಡದ್ದು ಕೊಡ್ಲಾ?"

"ಕೊಡಿ ತಾತ, ಯಾವ ಕಾಲಾದ್ರೇನು? ಯೇಸುಸ್ವಾಮಿ ಎಡ ಬಲ ನೋಡಿ ತೊಳೆದ್ರಾ?"

ಜನ ನಕ್ಕರು. ಮೆದುವಾದ, ಸುಖದ ನಗು. ಮಥಿಯಾಸ್ ತಾತನ ಎಡಗಾಲು ಪರದೆಯ ಮೇಲೆ ಮೂಡಿತು.

ನಾನು ಬಾಗಿಲತ್ತ ನೋಡಬಾರದೆಂದುಕೊಂಡೆ, ನೋಡಿದೆ. ಅಮ್ಮ ನನ್ನನ್ನೇ ನೋಡುತ್ತಿದ್ದಳು. ಸಿಟ್ಟಿರಲಿಲ್ಲ. ಪಟ್ಟಿಯನ್ನು ಎರಡನೆಯ ಸಲ ಮೇಲಿನಿಂದ ಓದುವಾಗ ಇದ್ದ ಮುಖ ಅದು. ಆಮೇಲೆ ಗಿಂಡಿಯನ್ನು ಕೆಳಗಿಟ್ಟು, ತೋಳು ಮಡಚಿ, ಮುಂದಿನ ಗಿಂಡಿಗೆಂದು ಕಾಯಿಸಿಟ್ಟ ನೀರಿಗೆ ಮೊಣಕೈ ಅದ್ದಿ ಹದ ನೋಡಿದಳು.

ಪೂಜೆ ಮುಗಿದ ಮೇಲೆ ಅಡುಗೆಮನೆಗೆ ಇಳಿದೆ. ಅಮ್ಮ ಹನ್ನೆರಡು ಟವೆಲುಗಳನ್ನು ಒಗೆಯುತ್ತಿದ್ದಳು. "ಅಮ್ಮ" ಎಂದೆ.

"ಆ ತುದಿ ಹಿಡ್ಕೋ."

ಟವೆಲಿನ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಅವಳ ಕೈಯಲ್ಲಿ. ಅವಳು ಆ ಕಡೆಗೆ ತಿರುಚಿದಳು, ನಾನು ಈ ಕಡೆಗೆ. ನೀರು ನಡುವೆ ಸುರಿಯಿತು. ಹೀಗೆ ನಾಲ್ಕೋ ಐದೋ ಟವೆಲು ಆದವು.

"ಐದನೇ ಕ್ಲಾಸಲ್ಲಿ, ಆಟೋಟದ ದಿನ," ಎಂದಳು, "ಸಾಕ್ಸ್ ಹಾಕ್ಕೊಂಡು ಬಾ, ಇಲ್ಲಾಂದ್ರೆ ಬರ್ಲೇಬೇಡ ಅಂದಿದ್ದೆ ನೀನು. ನೆನಪಿದ್ಯಾ?"

ನನಗೆ ನೆನಪಿತ್ತು.

"ಅದು ವಾಸಿ ಇತ್ತು. ಮುಖದ ಮೇಲೆ ಹೇಳಿದ್ದೆ. ನಾನು ಹಾಕ್ಕೊಂಡು ಬಂದೆ." ಇನ್ನೊಂದು ಟವೆಲು ಎತ್ತಿದಳು. "ಈಗ್ಲೂ ಅಷ್ಟು ಹೇಳಿದ್ರೆ ಸಾಕಿತ್ತು. ನಂಗೆ ನಾಚಿಕೆ ಆಗುತ್ತಮ್ಮ, ಕೂರ್ಬೇಡ ಅಂತ. ನಾನು ಕೂರ್ತಿರ್ಲಿಲ್ಲ. ಫಾದರ್ ತಲೆ ಮೇಲೆ ಯಾಕೆ ಹಾಕಿದೆ? ನಾಲ್ಕು ದಿನ ಆ ಹುಡುಗನ ಮುಖ ನೋಡಕ್ಕಾಗ್ದೆ ತಲೆ ತಗ್ಗಿಸಿ ಓಡಾಡಿದೀನಿ."

ಮಾತುಗಳು ನನ್ನ ಬಳಿ ಕಡಿಮೆ ಇರಲಿಲ್ಲ; ಆರು ವರ್ಷ ಅವನ್ನೇ ಓದಿದವಳು. ನಾನು ಟವೆಲಿನ ತುದಿ ಹಿಡಿದು ನಿಂತೆ. ಅಮ್ಮ ನನ್ನ ಮುಖ ನೋಡಿದಳು. ಆಮೇಲೆ, "ಬಿಡು, ಉಳಿದಿದ್ದು ನಾನೇ ಹಿಂಡ್ತೀನಿ" ಎಂದು ನನ್ನ ಕೈಯಿಂದ ಅದನ್ನು ಎಳೆದುಕೊಂಡಳು.

ಶನಿವಾರ ಅವಳು ಏಳುನೂರು ಮೊಟ್ಟೆ ಬೇಯಿಸಿದಳು. ಒಂದೂ ಒಡೆಯಲಿಲ್ಲ. ಭಾನುವಾರ ಬೆಳಿಗ್ಗೆ ಎಲ್ಲರ ಕೈಗೂ ಹಂಚಿ, ಎಲ್ಲರಿಗೂ ಹಬ್ಬದ ಶುಭಾಶಯ ಹೇಳಿದಳು. ನನ್ನ ಕೈಗೂ ಒಂದು ಇಟ್ಟಳು, ಮುಂದಿನವರತ್ತ ತಿರುಗಿದಳು. ಮನೆಗೆ ಬಂದರೆ ನನ್ನ ಪುಸ್ತಕಗಳ ಮೇಲೆ ಬಿಳಿ ಸಾಕ್ಸ್ ಇತ್ತು, ಚೀಟಿಯ ಸಮೇತ.

ಮರುವಾರ ಸಮಿತಿ ಮತ್ತೆ ಸೇರಿತು. ಚಹಾ ತಂದದ್ದು ಬೇರೆ ಯಾರೋ, ಬಾರ್ಲಿ ಸೀದುಹೋಗಿತ್ತು. ಅಮ್ಮ ಎಲ್ಲಿ ಎಂದು ಆಗಾಥಾ ಕೇಳಿದರು. ಇವತ್ತು ನೀರು ಇಳಿಯುವ ಹೊತ್ತು ಇದೇ, ಕೆಸರಿಗೆ ಹೋಗಿದಾಳೆ ಎಂದೆ.

"ಗುರುವಾರದ್ದು ಮೊದಲು ಬರ್ಕೊಳಮ್ಮ" ಎಂದರು ತದ್ದೇಯುಸ್. "ಪಾದ ತೊಳೆಯುವ ವಿಧಿ ಯಾವ ಲೋಪವೂ ಇಲ್ಲದೆ ನಡೆಯಿತು."

ಫಾದರ್ ನಾಮ್ ನನ್ನತ್ತ ನೋಡಿದರು. ನಾನು ತಲೆ ಬಗ್ಗಿಸಿ, ಅವರು ಹೇಳಿದ ಹಾಗೆಯೇ, ಒಂದಕ್ಷರವೂ ಬಿಡದೆ ಬರೆದುಕೊಂಡೆ.