ಸೋತವರ ಸೀಟು

ಚೀಸಿನ ವಾಸನೆ, ಮುಂದಿನ ಸಾಲಿನವನ ನಾಚೋಸ್ ತಟ್ಟೆಯದು, ಬಿಸಿ ಆರಿ ಹಳದಿ ಮೇಣದ ಹಾಗೆ ಬಿಗಿಯುತ್ತಿದೆ, ಅವನು ಬ್ಯಾಸ್ಕೆಟ್‌ಬಾಲ್ ಅಂಕಣದಿಂದ ಕಣ್ಣು ಕೀಳುತ್ತಿಲ್ಲ, ಯಾಕಾದರೂ ಕೀಳಬೇಕು, ನೀಲಿಯವರು ಮುಂದಿದ್ದಾರೆ, ಸುತ್ತ ಎಲ್ಲರೂ ನೀಲಿ, ವರ್ಲಿನ್ ಕೂಡ ನೀಲಿಯೇ, ಒಗೆದೊಗೆದು ಬಿಳಿಚಿಕೊಂಡ ಕಾಲೇಜು ದಿನಗಳ ಅಂಗಿ, ಎದ್ದು ಕೂಗಬೇಕಾದ ಮನುಷ್ಯ, ಆದರೆ ಕೂತೇ ಇದ್ದಾನೆ. ಏಳೋ ಮಾರಾಯಾ, ಕೊರೀನ್ ತೋಳು ಹಿಡಿದು ಎಳೆಯುತ್ತಾಳೆ, ಮದುವೆ ಆದಾಗಿಂದ ನಮ್ಮ ಕಾಲೇಜು ಒಂದ್ಸಲ ಈ ಟೂರ್ನಮೆಂಟಿಗೆ ಬರ್ಲಿ, ನಿನ್ನ ಕರ್ಕೊಂಡು ಹೋಗ್ತೀನಿ ಅಂತ ಜಪ ಮಾಡ್ತಿದ್ದೋನು ನೀನೇ, ಈಗ ಹಲ್ಲುನೋವು ಬಂದೋರ ಥರ ಕೂತಿದೀಯಲ್ಲ. ಹಲ್ಲುನೋವು, ಹೌದು, ಹಾಗೇ ಹೇಳಿಬಿಡಬಹುದು, ಇರುವ ಸುಳ್ಳಿನ ಮೇಲೆ ಇನ್ನೊಂದು ಸುಳ್ಳು ಕೂತರೆ ಭಾರವೇನೂ ಹೆಚ್ಚುವುದಿಲ್ಲ. ಸೀಟು ನೋಡಿ ಹೇಗಿದೆ, ಹೆಂಡತಿ ಪಕ್ಕದವಳಿಗೆ ಹೇಳುತ್ತಿದ್ದಾಳೆ, ಬುಟ್ಟಿ ಹಿಂದೇನೇ, ಹುಡುಗರ ಬೆವರು ಕೂಡ ಕಾಣತ್ತೆ, ಇಪ್ಪತ್ತು ಡಾಲರಿಗೆ ಹೊಡ್ಕೊಂಡು ಬಂದ ನಮ್ಮೋನು, ಬರೀ ಮಾತಲ್ಲೇ. ಅಯ್ಯೋ, ನಮ್ಮನೆಯೋರಿಗೂ ಸ್ವಲ್ಪ ಕಲಿಸಿಕೊಡಿ ಸ್ವಾಮಿ, ಪಕ್ಕದವಳು ಬಗ್ಗಿ ನೋಡುತ್ತಾಳೆ, ಇವರಿಗೆ ಬಾಯಿ ಇರೋದು ತಿನ್ನೋಕೆ ಮಾತ್ರ. ವರ್ಲಿನ್ ನಕ್ಕ, ಅಂದರೆ ತುಟಿ ಸರಿಸಿದ. ಇಪ್ಪತ್ತಲ್ಲ. ಒಂದು ಡಾಲರೂ ಅಲ್ಲ.

ಉಪಾಯ ಹೊಸದೇನಲ್ಲ, ಒಮಾಹಾದಲ್ಲಿ ಮಾರ್ಚ್ ಬಂತೆಂದರೆ, ಟೂರ್ನಮೆಂಟ್ ಬಂತೆಂದರೆ, ಎಲ್ಲರಿಗೂ ಗೊತ್ತಿರುವುದೇ, ಗುರುವಾರ ಸೋತವರ ಕೈಯಲ್ಲಿ ಶನಿವಾರದ ಟಿಕೆಟ್ಟೂ ಇರುತ್ತದೆ, ಗೆಲ್ಲುತ್ತೇವೆ ಅಂತ ತಾನೇ ಎಲ್ಲರೂ ಬರುವುದು, ಎರಡೂ ಆಟದ್ದನ್ನು ಒಟ್ಟಿಗೇ ಕೊಂಡಿರುತ್ತಾರೆ, ಸೋತ ಮೇಲೆ ಬೇರೆಯವರ ಆಟ ಯಾರಿಗೆ ಬೇಕು, ಬಾಗಿಲಲ್ಲೇ ಕೇಳಿದ ಬೆಲೆಗೆ ಬಿಟ್ಟು ಊರಿನ ದಾರಿ ಹಿಡಿಯುತ್ತಾರೆ. ಕೊಳ್ಳುವವನು ಮಾತ್ರ ತನ್ನ ಬಣ್ಣ ತೋರಿಸಬಾರದು, ಬೂದು ಕೋಟು, ತಗ್ಗಿದ ದನಿ, ಸಾವಿನ ಮನೆಗೆ ಬಂದವನ ಹಾಗೆ ಮೆಲ್ಲಗೆ ಕೇಳಬೇಕು, ಅಷ್ಟು ಮರ್ಯಾದೆಯನ್ನು ಎಂಥ ಕುಡುಕನೂ ಪಾಲಿಸುತ್ತಾನೆ. ವರ್ಲಿನ್‌ಗೆ ಅಷ್ಟು ಸಾಲಲಿಲ್ಲ, ಅವನು ಜಾಣ. ಗುರುವಾರ, ಕ್ರೀಡಾಂಗಣದ ಎದುರಿನ ಬಿಯರ್ ಅಂಗಡಿಯ ಟೀವಿಯಲ್ಲಿ ಹಸಿರು ತಂಡದ ಹದಿನಾಲ್ಕನೇ ನಂಬರಿನ ಹುಡುಗ ಕೊನೆಯ ಫ್ರೀ ಥ್ರೋ ಎಸೆದ, ಚೆಂಡು ಬುಟ್ಟಿಯ ಅಂಚಿನ ಮೇಲೆ ಕೂತು ಯೋಚಿಸಿ ಹೊರಕ್ಕೆ ಬಿತ್ತು, ನೀಲಿಯವರು ಗೆದ್ದರು, ಆ ಹುಡುಗನಿಗೆ ನನ್ನ ಲೆಕ್ಕದಲ್ಲಿ ಒಂದು ಬಿಯರ್ ಕಣ್ರೋ ಎಂದು ಸ್ಟೂಲ್ ಹತ್ತಿ ಕೂಗಿದ್ದು ಇದೇ ವರ್ಲಿನ್, ಇಡೀ ಅಂಗಡಿ ನಕ್ಕಿತು, ಕೊರೀನ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ರಸ್ತೆ ದಾಟಿ, ಫುಟ್‌ಪಾತಿನವನು ಅರ್ಧ ಬೆಲೆಗೆ ತೂರುತ್ತಿದ್ದ ಹಸಿರು ಟೋಪಿಯೊಂದನ್ನು ಕೊಂಡು ತಲೆಗೇರಿಸಿದ, ತಮ್ಮವನಿಗಾದರೆ ಇನ್ನೂ ಅಗ್ಗಕ್ಕೆ ಕೊಟ್ಟಾರು ಅಂತ.

ಬಂದವಳು ಟ್ವೈಲಾ, ಹೆಸರು ಆಮೇಲೆ ಫೋನಿನಲ್ಲಿ ಕಂಡದ್ದು, ಆಗ ಕಂಡದ್ದು ಬರೀ ಕೆನ್ನೆ, ಕೆನ್ನೆಯ ಮೇಲೆ ಹಸಿರು ಬಣ್ಣದಲ್ಲಿ ಬರೆದ ಹದಿನಾಲ್ಕು, ಒಂದು ನೆಟ್ಟಗೆ ನಿಂತಿದೆ, ನಾಲ್ಕು ಕರಗಿ ದವಡೆಗೆ ಇಳಿದಿದೆ. ಪಾಪ, ಆ ಹುಡುಗನ್ನ ಯಾರೂ ಬಯ್ಯಬಾರದು, ಎಷ್ಟು ಚೆನ್ನಾಗಿ ಆಡಿದ, ವರ್ಲಿನ್ ಅಂದ, ಅದು ವ್ಯಾಪಾರದ ಪೀಠಿಕೆ. ಅವಳು ನಿಂತುಬಿಟ್ಟಳು. ನನ್ನ ಮಗ ಅವನು, ಅಂದಳು, ಟ್ರೆಂಟ್, ಒಳಗಿಂದ ಇಲ್ಲೀವರೆಗೆ ಬಯ್ಗಳ ಕೇಳ್ಕೊಂಡೇ ಬಂದೆ, ಒಂದೊಳ್ಳೆ ಮಾತಾಡಿದೋರು ನೀವೊಬ್ರೇ ಕಣಪ್ಪಾ. ಅಪ್ಪಿಕೊಂಡಳು, ಗುರುತಿಲ್ಲದವನನ್ನು, ಬೀದಿಯಲ್ಲಿ. ಆಗ ಹೇಳಬಹುದಿತ್ತು, ಬಾಯಿ ತೆರೆದದ್ದೂ ನಿಜ, ಬಂದದ್ದು ಮಾತ್ರ ಬೇರೆ – ನಮ್ಮವಳ ಹುಟ್ಟುಹಬ್ಬ, ಹೇಗೂ ಇಲ್ಲೇ ಇರ್ತೀವಿ, ಶನಿವಾರದ ಟಿಕೆಟ್ಟು ಇದ್ರೆ ದುಡ್ಡು ಕೊಟ್ಟು. ದುಡ್ಡಾ, ನಮ್ಮೋರ ಹತ್ರಾನಾ, ಒಳ್ಳೆ ಕತೆ, ಅವಳು ಆಗಲೇ ಫೋನ್ ತೆಗೆದಿದ್ದಳು, ನಂಬರ್ ಹೇಳಿ, ಎರಡೂ ಕಳಿಸ್ತೀನಿ, ಆ ನೀಲಿಯೋರು ಬಂದು ಕೂತು ಕುಣಿಯೋ ಬದ್ಲು ನಮ್ಮೋರೇ ಕೂತಿದ್ರು ಅಂತಾದ್ರೂ ಇರ್ಲಿ. ಅವನು ನಂಬರ್ ಹೇಳಿದ. ತಡವರಿಸದೆ, ಸ್ಪಷ್ಟವಾಗಿ, ಎರಡು ಸಲ. ಇದೇನೋ ಕೆನ್ನೇಲಿ ಹಸಿರು, ಕಾರಿನಲ್ಲಿ ಕೊರೀನ್ ಕೇಳಿದಳು. ಟೋಪಿ ಬಣ್ಣ ಬಿಟ್ಟಿದೆ, ಅಂದ, ಅಗ್ಗದ್ದು ನೋಡು. ಸೋಪು ಹಾಕಿ ಉಜ್ಜಿದರೂ ಮಾರನೆಯ ದಿನ ಗಡ್ಡದ ಬುಡದಲ್ಲಿ ಇನ್ನೂ ಇತ್ತು, ಒಂದು ನೆಟ್ಟಗೆ, ನಾಲ್ಕು ಕರಗಿ, ಅಲ್ಲ, ಅದು ಅವಳ ಕೆನ್ನೆ, ಇವನದಲ್ಲ.

ತೊಡೆಯ ಮೇಲೆ ಫೋನು ನಡುಗುತ್ತದೆ. ಟ್ವೈಲಾಳೇ. ಸೀಟು ಚೆನ್ನಾಗಿದ್ಯಾ, ಟ್ರೆಂಟ್ ಮನೆಗೆ ಬಂದೋನು ರೂಮಿಂದ ಆಚೆಗೇ ಬಂದಿರ್ಲಿಲ್ಲ, ಬಾಗಿಲ ಆಚೆ ನಿಂತ್ಕೊಂಡು ನಿಮ್ಮ ಮಾತು ಹೇಳಿದೆ, ಈಗ ಪಕ್ಕದಲ್ಲೇ ಕೂತು ಟೀವಿ ನೋಡ್ತಿದಾನೆ, ಯಾರಮ್ಮಾ ಅವ್ರು, ತೋರ್ಸು ಅಂತಿದಾನೆ, ಬುಟ್ಟಿ ಹಿಂದೆ ಕ್ಯಾಮೆರಾ ಬಂದಾಗ ಕೈ ಬೀಸಿ. ಏನು ಬರೆಯುವುದು, ಚೆನ್ನಾಗಿದೆ, ಅಂತಲಾ, ಬೆರಳು ಚೆನ್ನಾಗಿದೆ ಎಂದು ಬರೆಯಿತು, ಅಳಿಸಿತು, ಯಾರದು ಫೋನು, ಕೊರೀನ್ ಕೇಳುತ್ತಾಳೆ, ಯಾರೂ ಇಲ್ಲ, ಯಾರೂ ಇಲ್ಲ ಅಂದುಬಿಟ್ಟ, ಅಷ್ಟರಲ್ಲಿ ನೀಲಿಯ ಹುಡುಗ ದೂರದಿಂದ ಎಸೆದದ್ದು ಬುಟ್ಟಿಗೆ ಬಿದ್ದು ಛಾವಣಿ ಹಾರಿಹೋಗುವ ಹಾಗೆ ಸದ್ದು, ಕ್ಯಾಮೆರಾದವನು ಭುಜದ ಮೇಲೆ ಹೊತ್ತು ಈ ಕಡೆಗೇ ಓಡಿ ಬರುತ್ತಿದ್ದಾನೆ, ನಾಚೋಸ್‌ನವನು ಎದ್ದ, ಸಾಲಿಗೆ ಸಾಲೇ ಎದ್ದಿತು, ಬಗ್ಗಿ ಬೂಟಿನ ದಾರ ಕಟ್ಟಬಹುದು, ಕೈಯಲ್ಲಿ ಮುಖ ಮುಚ್ಚಿಕೊಳ್ಳಬಹುದು, ಬಂತು ಬಂತು, ಟೀವಿಲಿ ಬರ್ತೀವಿ ಏಳೋ, ಕೊರೀನ್ ಅವನ ಮಣಿಕಟ್ಟು ಹಿಡಿದು ಎತ್ತಿಯೇಬಿಟ್ಟಳು, ಕೈ ಮೇಲಕ್ಕೆ ಹೋಯಿತು, ಬೀಸಿತು ಕೂಡ, ಮೇಲಿನ ದೊಡ್ಡ ಪರದೆಯ ತುಂಬ ನೀಲಿ ಅಂಗಿಯ ಗಂಡಸೊಬ್ಬ ಕೈ ಬೀಸುತ್ತಿದ್ದಾನೆ, ಅವನ ಮುಖ ಕಾಣುತ್ತಿಲ್ಲ, ವರ್ಲಿನ್‌ಗೆ ಕಾಣುತ್ತಿಲ್ಲ, ಅಲ್ಲಿ ಮಗನ ಪಕ್ಕದಲ್ಲಿ ಕೂತವಳಿಗೆ ಕಾಣುತ್ತದೆ, ಅವಳು ಮುಂದಕ್ಕೆ ಬಗ್ಗುತ್ತಾಳೆ, ಬೆರಳು ತೋರಿಸಲು ಎತ್ತಿದವಳು – ಕೆನ್ನೆ, ಒಂದು ನೆಟ್ಟಗೆ, ನಾಲ್ಕು ಕರಗಿ, ಹಸಿರು, ದವಡೆಗೆ ಇಳಿಯುತ್ತ